ಎಡದ ಅಂಚು ಬಿಡಿ, ಒಂದು ಮೀಟರ್ ಒಳಗೆ ಬನ್ನಿ: ಬೆಂಗಳೂರಲ್ಲಿ ಆಫೀಸಿಗೆ ಸೈಕಲ್ ತುಳಿಯುವುದು

ಹೊಸದಾಗಿ ಸೈಕಲ್ ಹತ್ತಿದವರು ಎಡದ ಅಂಚಿಗೆ ಅಂಟಿಕೊಂಡು ಹೋಗುತ್ತಾರೆ. ಅಲ್ಲಿದ್ದರೆ ಯಾರ ತಂಟೆಯೂ ಇಲ್ಲ ಅನ್ನಿಸುತ್ತದೆ. ಆದರೆ ಮೋರಿಯ ಜಾಲರಿ, ಜಲ್ಲಿ, ಒಡೆದ ಗಾಜು, ಕೇಬಲ್ಲಿಗೆ ಅಗೆದು ಅರ್ಧಂಬರ್ಧ ಮುಚ್ಚಿದ ಗುಂಡಿ ಎಲ್ಲವೂ ಸೇರಿಕೊಂಡಿರುವುದು ಅದೇ ಅಂಚಿನಲ್ಲಿ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ನೀವು ಅಂಚಿನಲ್ಲಿದ್ದರೆ ಹಿಂದಿನ ಕಾರಿನವರಿಗೆ ಅದೇ ಲೇನಿನಲ್ಲಿ ತೂರಿಕೊಂಡು ಹೋಗಲು ಜಾಗ ಇದೆ ಅನ್ನಿಸುತ್ತದೆ. ಗುಂಡಿ ತಪ್ಪಿಸಲು ನೀವು ಬಲಕ್ಕೆ ಸರಿಯುವ ಹೊತ್ತಿಗೇ ಅವರ ಕನ್ನಡಿ ನಿಮ್ಮ ಮೊಣಕೈಗೆ ಬಂದಿರುತ್ತದೆ.

ಹಾಗಾಗಿ ಅಂಚಿನಿಂದ ಒಂದು ಮೀಟರ್ ಒಳಗೆ, ನೇರವಾಗಿ ತುಳಿಯಿರಿ. ಪಕ್ಕದಲ್ಲಿ ಕಾರುಗಳು ನಿಂತಿದ್ದರೆ ಆ ಒಂದು ಮೀಟರನ್ನು ಕಾರಿನ ಬದಿಯಿಂದ ಲೆಕ್ಕ ಹಾಕಿ. ಬಾಗಿಲು ಪೂರ್ತಿ ತೆರೆದರೆ ಅಷ್ಟು ಜಾಗ ತಿನ್ನುತ್ತದೆ. ನಿಂತ ಎರಡು ಕಾರುಗಳ ನಡುವಿನ ಖಾಲಿ ಜಾಗಕ್ಕೆ ನುಗ್ಗಿ ಮತ್ತೆ ಹೊರಗೆ ಬರುವುದು ಬೇಡ. ಹಿಂದಿನವರಿಗೆ ನೀವು ಮಾಯವಾಗಿ ದಿಢೀರನೆ ಪ್ರತ್ಯಕ್ಷವಾದ ಹಾಗಾಗುತ್ತದೆ. ಕಿರಿದಾದ ಕ್ರಾಸ್ ರಸ್ತೆಯಲ್ಲಿ ಕಾರಿಗೂ ನಿಮಗೂ ಒಟ್ಟಿಗೆ ಜಾಗವಿಲ್ಲ ಎಂದರೆ ನಡುಮಧ್ಯದಲ್ಲೇ ಹೋಗಿ, ಅಗಲ ಸಿಕ್ಕ ಕೂಡಲೇ ಎಡಕ್ಕೆ ಬಂದು ದಾರಿ ಕೊಡಿ. ಹಾರ್ನ್ ಬೀಳುತ್ತದೆ, ಬೀಳಲಿ. ಹಾರ್ನ್ ಹೊಡೆದವರು ನಿಮ್ಮನ್ನು ನೋಡಿದ್ದಾರೆ ಅಂತಲೇ ಅರ್ಥ.

ಆಟೋಗಳ ವಿಷಯದಲ್ಲಿ ಇಂಡಿಕೇಟರ್ ನಂಬಿ ಕೂರಬೇಡಿ. ಫುಟ್‌ಪಾತಿನ ಮೇಲೆ ಕೈ ಎತ್ತಿ ನಿಂತವರು ಯಾರಾದರೂ ಇದ್ದಾರಾ ನೋಡಿ. ಇದ್ದರೆ ನಿಮ್ಮ ಮುಂದಿನ ಖಾಲಿ ಆಟೋ ಎಡಕ್ಕೆ ಕತ್ತರಿಸುತ್ತದೆ ಎಂದೇ ಇಟ್ಟುಕೊಳ್ಳಿ. ಬಿಎಂಟಿಸಿ ಬಸ್ಸು ಸ್ಟಾಪಿನಿಂದ ದೂರಕ್ಕೆ, ರಸ್ತೆಯ ಮಧ್ಯೆ ನಿಂತಾಗ ಅದರ ಎಡಕ್ಕೆ ಒಂದು ಖಾಲಿ ಓಣಿ ಕಾಣುತ್ತದೆ. ಅದರೊಳಗೆ ಮಾತ್ರ ನುಗ್ಗಬೇಡಿ. ಇಳಿಯುವವರೂ ಹತ್ತಲು ಓಡಿಬರುವವರೂ ಅಲ್ಲೇ ಇರುತ್ತಾರೆ, ಡ್ರೈವರಿಗೆ ಆ ಬದಿ ಸರಿಯಾಗಿ ಕಾಣುವುದಿಲ್ಲ. ಬಸ್ಸಿನ ಹಿಂದೆ ನಾಲ್ಕೈದು ಮೀಟರ್ ಬಿಟ್ಟು ಕಾಯಿರಿ.

ಸಿಗ್ನಲ್ ದಾಟುವುದು ಬೇರೆಯೇ ಲೆಕ್ಕ. ನೀವು ನೇರ ಹೋಗುವವರು, ಆದರೆ ತೀರಾ ಎಡಕ್ಕೆ ನಿಂತಿದ್ದೀರಿ ಅಂದರೆ, ಫ್ರೀ ಲೆಫ್ಟ್‌ಗೆ ಅವಸರಪಡುವ ಪ್ರತಿಯೊಬ್ಬರೂ ನಿಮ್ಮ ಮುಂದಿನ ಚಕ್ರವನ್ನು ಅಡ್ಡಹಾಯ್ದೇ ತಿರುಗಬೇಕು. ಜಂಕ್ಷನ್ನಿಗೆ ಸುಮಾರು 30 ಮೀಟರ್ ಇರುವಾಗಲೇ ತಿರುಗಿ ನೋಡಿ, ಬಲಗೈ ಚಾಚಿ, ನೇರ ಹೋಗುವ ಲೇನಿಗೆ ಸೇರಿಕೊಳ್ಳಿ. ಈ ಕ್ರಮ ಮುಖ್ಯ: ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಹ್ಯಾಂಡಲ್. ನಿಲ್ಲುವಾಗ ಲಾರಿ, ನೀರಿನ ಟ್ಯಾಂಕರುಗಳ ಎಡ ಮುಂಚಕ್ರದ ಪಕ್ಕ ನಿಲ್ಲಬೇಡಿ. ಡ್ರೈವರಿನ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ. ದೊಡ್ಡ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕಾದರೆ ನಾಲ್ಕು ಲೇನು ಅಡ್ಡಹಾಯುವ ಸಾಹಸ ಬೇಡ. ಹಸಿರು ಬಂದಾಗ ನೇರ ದಾಟಿ, ಆಚೆ ಬದಿಯ ಎಡ ಮೂಲೆಯಲ್ಲಿ ನಿಂತು, ಸೈಕಲ್ ಬಲಕ್ಕೆ ತಿರುಗಿಸಿಕೊಂಡು, ಆ ರಸ್ತೆಯ ಹಸಿರಿಗೆ ಹೊರಡಿ. ಒಂದು ಸಿಗ್ನಲ್ ಹೆಚ್ಚು ಕಾದಿರಿ, ಅಷ್ಟೇ.

ಫ್ಲೈಓವರ್ ಬಂದರೆ ಕೆಳಗಿನ ರಸ್ತೆಯೇ ನಿಮ್ಮದು. ಹೆಬ್ಬಾಳದಂಥ ಕಡೆ ಮೇಲಿನಿಂದ ಇಳಿದು ಬರುವ ವಾಹನಗಳು ಸರ್ವಿಸ್ ರಸ್ತೆಗೆ ಸೇರುವ ಬಾಯಲ್ಲಿ ಯಾರೂ ವೇಗ ಇಳಿಸಿರುವುದಿಲ್ಲ. ಅಲ್ಲಿ ಇಳಿದು, ಸಂದು ನೋಡಿ, ಸೈಕಲ್ ತಳ್ಳಿಕೊಂಡು ದಾಟಿದರೆ ಮಾನವೇನೂ ಹೋಗುವುದಿಲ್ಲ. ಔಟರ್ ರಿಂಗ್ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಲೇನನ್ನು ನೆಚ್ಚಿ ದಾರಿ ಹಾಕಿಕೊಳ್ಳಬೇಡಿ. ಕಂಬಗಳು ಬಹಳಷ್ಟು ಕಿತ್ತುಹೋಗಿವೆ, ಬೈಕುಗಳು ಅದನ್ನು ತಮ್ಮದೇ ಲೇನು ಎಂದುಕೊಂಡಿವೆ.

ದಾರಿ ಆರಿಸುವಾಗ ಕಿಲೋಮೀಟರ್ ಒಂದನ್ನೇ ನೋಡಬೇಡಿ. ಊರು ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ, ಕೆರೆಗಳೂ ರಾಜಕಾಲುವೆಗಳೂ ಅದರ ತಗ್ಗುಗಳಲ್ಲಿವೆ. ಕೆರೆ ದಾಟುವ ದಾರಿ ಎಂದರೆ ಒಂದು ಇಳಿಜಾರು, ಒಂದು ಏರು. ಹಲಸೂರು ಕೆರೆಯ ಕಡೆಯಿಂದ ಎಂ.ಜಿ. ರಸ್ತೆಗೆ ಬರುವವರ ಮೊಣಕಾಲಿಗೆ ಇದು ಗೊತ್ತು. ಜಯನಗರ, ಇಂದಿರಾನಗರ, ಎಚ್ಎಸ್ಆರ್ ಲೇಔಟಿನಂಥ ಚೌಕುಳಿ ಬಡಾವಣೆಗಳಲ್ಲಿ ಮುಖ್ಯ ರಸ್ತೆಗೆ ಸಮಾನಾಂತರವಾದ ಒಳ ರಸ್ತೆ ಹಿಡಿದರೆ ಒಂದೆರಡು ನಿಮಿಷ ಹೆಚ್ಚು, ಎದೆಬಡಿತ ಎಷ್ಟೋ ಕಡಿಮೆ. ಆ ಒಳ ರಸ್ತೆಗಳಲ್ಲಿ ಹಂಪ್‌ಗಳಿಗೆ ಬಣ್ಣ ಬಳಿದಿರುವುದಿಲ್ಲ, ಕತ್ತಲಾದ ಮೇಲೆ ಎಚ್ಚರ. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಇಡೀ ದಾರಿ ತುಳಿದು ನೋಡಿ, ಗುಂಡಿ, ಹಂಪ್ ಎಲ್ಲಿವೆ ಎಂದು ನೆನಪಿಟ್ಟುಕೊಳ್ಳಿ. ಕೆಲಸದ ದಿನ ಎಂಟರೊಳಗೆ ಮನೆ ಬಿಟ್ಟರೆ ಅರ್ಧ ಗೆದ್ದ ಹಾಗೆ.

ಏಪ್ರಿಲ್‌ನಿಂದ ಅಕ್ಟೋಬರ್ ತನಕ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಹೋಗುವಾಗ ಬಿಸಿಲು, ಬರುವಾಗ ಕೆಸರು. ಎರಡೂ ಚಕ್ರಕ್ಕೆ ಪೂರ್ತಿ ಉದ್ದದ ಮಡ್‌ಗಾರ್ಡ್ ಹಾಕಿಸಿ, ಒಂದು ಜೊತೆ ಬಟ್ಟೆ ಆಫೀಸಿನಲ್ಲೇ ಇಡಿ. ಒಣ ದಿನಗಳ ನಂತರದ ಮೊದಲ ಮಳೆಯ ಹತ್ತು ಹದಿನೈದು ನಿಮಿಷ ಅತಿ ಕೆಟ್ಟದು. ರಸ್ತೆಗೆ ಹಿಡಿದ ಎಣ್ಣೆಯೂ ಧೂಳೂ ನೀರಿಗೆ ಬೆರೆತು ಸಾಬೂನಿನ ಹಾಗೆ ಆಗುತ್ತದೆ. ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೋ ಕಾಮಗಾರಿಯ ಕಬ್ಬಿಣದ ತಗಡು, ಜೀಬ್ರಾ ಪಟ್ಟಿ, ಒದ್ದೆಯಾಗಿ ಬಿದ್ದಿರುವ ಹೊಂಗೆ ಹೂವು: ಇವುಗಳ ಮೇಲೆ ಬ್ರೇಕನ್ನೂ ಹಿಡಿಯಬೇಡಿ, ವಾಲಲೂ ಬೇಡಿ, ನೇರ ದಾಟಿ. ಚಕ್ರದ ಅಂಚಿನ ಬಳೆಯನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇದ್ದರೆ ನೆನೆದಾಗ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ, ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ. ನಿಂತ ನೀರಿಗೆ, ಅದರಲ್ಲೂ ಅಂಡರ್‌ಪಾಸಿಗೆ, ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನಲ್ಲಿ ಕಾರೇ ಮುಳುಗಿ ಜೀವ ಹೋಗಿದೆ.

ಸೈಕಲ್ ದುಬಾರಿಯದೇ ಆಗಬೇಕಿಲ್ಲ, ಟೈರ್ ಮಾತ್ರ ಅಗಲ ಇರಲಿ. 700x38 ಟೈರು (38 ಮಿ.ಮೀ. ಅಗಲ), 70 ಕೆ.ಜಿ. ಆಸುಪಾಸಿನ ಸವಾರ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು ಎಂದರೆ ಗಾಳಿಯ ಒತ್ತಡ ಹಿಂದೆ 55, ಮುಂದೆ 48 ಪಿಎಸ್ಐ ಸಾಕು. ಕಲ್ಲಿನಂತೆ ಗಾಳಿ ತುಂಬಿದರೆ ಮಣಿಕಟ್ಟು ನೋಯುತ್ತದೆ. 30ಕ್ಕೆ ಇಳಿದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯುವುದಿಲ್ಲ, ಒಂದು ಹಿತ್ತಾಳೆ ಅಡಾಪ್ಟರ್ ಬ್ಯಾಗಿನಲ್ಲಿರಲಿ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಾಡಿಸಿ. ಲಾರಿ ಟೈರು ಸಿಡಿದಾಗ ಉದುರುವ ಕೂದಲೆಳೆಯಂಥ ತಂತಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಮುಂದಿನ ತಿರುವಿನಲ್ಲಿ ಹೋಗುತ್ತದೆ.

ಹಿಂದೆ ಕೆಂಪು ದೀಪ ಹಗಲಲ್ಲೂ ಮಿಣುಕಲಿ. ಮುಂದಿನ ದೀಪ 300 ಲ್ಯುಮೆನ್‌ಗೆ ಕಡಿಮೆ ಇದ್ದರೆ ಬೀದಿದೀಪ ಕೆಟ್ಟ ರಸ್ತೆಯಲ್ಲಿ ಗುಂಡಿ ಕಾಣುವುದಿಲ್ಲ. ಅದನ್ನು ನೆಲಕ್ಕೆ ಬಾಗಿಸಿ, ಎದುರಿನವರ ಕಣ್ಣಿಗಲ್ಲ. ಬಲ ಹ್ಯಾಂಡಲ್ಲಿಗೆ ಒಂದು ಕನ್ನಡಿ ಹಾಕಿಸಿದರೆ ಪ್ರತಿ ಸಲ ಕತ್ತು ತಿರುಗಿಸುವುದು ತಪ್ಪುತ್ತದೆ, ಲೇನು ಬದಲಿಸುವಾಗ ಮಾತ್ರ ತಿರುಗಿಯೇ ನೋಡಬೇಕು. ಬೀಗದ ವಿಷಯಕ್ಕೆ ಬಂದರೆ, ತೆಳ್ಳನೆಯ ಕೇಬಲ್ ಲಾಕ್ ಕಟಿಂಗ್ ಪ್ಲೇಯರಿಗೆ ಒಂದು ನಿಮಿಷದ ಕೆಲಸ. U ಆಕಾರದ ಗಟ್ಟಿ ಕಂಬಿಯ ಯು ಲಾಕನ್ನು ಹಿಂದಿನ ಚಕ್ರ, ಫ್ರೇಮು ಎರಡನ್ನೂ ಸೇರಿಸಿ ನೆಲಕ್ಕೆ ನೆಟ್ಟ ಕಂಬಿಗೆ ಹಾಕಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ.