ಆಗುಂಬೆ ರಸ್ತೆಯ ಮಳೆಯಲ್ಲಿ ನಮ್ಮ ಮಕ್ಕಳ ಸೈಕಲ್ ಸಾಲು: ನನ್ನ ಅನುಭವ

"ಮಳೆಗಾಲದಲ್ಲಿ ಸೈಕಲ್ಲಾ? ನಾಳೆ ಏನಾದ್ರೂ ಆದ್ರೆ ಯಾರು ಹೊಣೆ ಮೇಷ್ಟ್ರೇ?" ಮಕ್ಕಳು ಒಟ್ಟಿಗೆ ಸಾಲಾಗಿ ಸೈಕಲ್‌ನಲ್ಲಿ ಶಾಲೆಗೆ ಬರಲಿ ಅಂತ ನಾನು ಹೇಳಿದಾಗ, ನಾಲ್ಕು ವರ್ಷದ ಹಿಂದೆ ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು. ಉಳಿದವರೂ ತಲೆ ಆಡಿಸಿದರು. ಸ್ಟಾಫ್ ರೂಮಿನಲ್ಲೂ ಅದೇ ಮಾತು. ಈಗ ನಾಲ್ಕನೇ ಮಳೆಗಾಲ ಮುಗಿದಿದೆ. ಈ ಸಲ 31 ಮಕ್ಕಳು ಸೈಕಲ್‌ನಲ್ಲೇ ಬಂದು ಹೋದರು. ಹೊಲಿಗೆ ಹಾಕಿಸುವಷ್ಟು ಪೆಟ್ಟಾಗಿದ್ದು ಒಂದೇ ಸಲ, ಅದೂ ಮೊದಲ ವರ್ಷ. ಬೇರೆ ಶಾಲೆಯ ಪಿ.ಟಿ. ಮೇಷ್ಟ್ರುಗಳು ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ–ಆಗುಂಬೆ ಹೆದ್ದಾರಿ ಬದಿಯ ಸರ್ಕಾರಿ ಪ್ರೌಢಶಾಲೆ. ಸೈಕಲ್‌ಗೆ ನಾವು ಹೆಚ್ಚು ಹುಡುಕಲಿಲ್ಲ. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಕೊರೋನಾ ಕಾಲದಲ್ಲಿ ನಿಂತಿತಲ್ಲ, ಅದಕ್ಕೂ ಮುಂಚೆ 8ನೇ ಕ್ಲಾಸಿನವರಿಗೆ ಕೊಟ್ಟ ಸೈಕಲ್‌ಗಳು ಮನೆಮನೆಯ ಕೊಟ್ಟಿಗೆಯಲ್ಲಿದ್ದವು. ಅಕ್ಕಂದಿರು ಓದು ಮುಗಿಸಿ ಹೋಗಿದ್ದಾರೆ, ಸೈಕಲ್ ತುಕ್ಕು ಹಿಡಿಯುತ್ತಿದೆ. ಟೈರು, ಟ್ಯೂಬು, ಚೈನು, ಬ್ರೇಕ್ ವೈರು ಎಲ್ಲ ಸೇರಿ ಒಂದಕ್ಕೆ 600–700 ರೂಪಾಯಿ ಬಿತ್ತು. ಪೇಟೆಯಿಂದ ರಿಪೇರಿಯವರನ್ನು ಕರೆಸಿದ್ದು ಎರಡೇ ದಿನ. ಆಮೇಲೆ ನಾನೇ ಕಲಿತೆ, 9ನೇ ಕ್ಲಾಸಿನ ನಾಲ್ಕು ಹುಡುಗರಿಗೂ ಕಲಿಸಿದೆ. ಈಗ ಅವರು ಪಂಕ್ಚರ್ ಹಾಕುವುದರಲ್ಲಿ ನನಗಿಂತ ಚುರುಕು.

ದುಡ್ಡು ಹಾಳಾಗಿದ್ದು ಬೇರೆ ಕಡೆ. ಮೊದಲು ಹೊಳೆಯುವ ಜಾಕೆಟ್ ತಂದೆ. 40 ಜಾಕೆಟ್, ಸುಮಾರು 4,500 ರೂಪಾಯಿ. ಮಕ್ಕಳು ಒಂದು ವಾರ ಹಾಕಿದರು, ಆಮೇಲೆ ಬ್ಯಾಗಿಗೆ ತುರುಕಿದರು. ರೇನ್‌ಕೋಟಿನ ಮೇಲೆ ಅದನ್ನು ಹಾಕೋದು ಯಾರಿಗೂ ಇಷ್ಟವಿಲ್ಲ. ಈಗ ನಂಬರ್ ಪ್ಲೇಟ್ ಮಾಡುವ ಅಂಗಡಿಯಿಂದ ರೇಡಿಯಂ ಸ್ಟಿಕ್ಕರಿನ ತುಂಡು ತರುತ್ತೇನೆ. 50 ರೂಪಾಯಿಗೆ ಹತ್ತು ಸೈಕಲ್‌ಗೆ ಆಗುತ್ತದೆ. ಹಿಂದಿನ ಮಡ್‌ಗಾರ್ಡಿಗೆ, ಪೆಡಲಿಗೆ, ರೇನ್‌ಕೋಟಿನ ಬೆನ್ನಿಗೆ. ಪೆಡಲಿಗೆ ಹಚ್ಚುವುದನ್ನು ಮಾತ್ರ ಬಿಡಬೇಡಿ. ಮೇಲೆ ಕೆಳಗೆ ಆಡುವ ಬೆಳಕು ಡ್ರೈವರ್ ಕಣ್ಣಿಗೆ ಬೇಗ ಬೀಳುತ್ತದೆ.

ಹೆಲ್ಮೆಟ್ ಕಥೆ ಇನ್ನೂ ನೋವಿನದು. 12 ತಂದು ಸರದಿ ಮೇಲೆ ಕೊಟ್ಟೆ. ಒಬ್ಬರ ಹೇನು ಇನ್ನೊಬ್ಬರ ತಲೆಗೆ ಹೋಯಿತು, ತಾಯಂದಿರು ಬೈದರು. ಬೈದಿದ್ದು ಸರಿಯೇ. ಸರಿ, ಒಬ್ಬರಿಗೊಂದು ಅಂತ ಮಾಡಿದೆ. ಮಳೆಯಲ್ಲಿ ಒಣಗದೆ ಬೂಷ್ಟು ಹಿಡಿಯಿತು. ಒಂದು ಮನೆಯವರು ಬಚ್ಚಲ ಒಲೆ ಮೇಲೆ ನೇತುಹಾಕಿದರು. ಒಳಗಿನ ಥರ್ಮಾಕೋಲ್ ಸುರುಟಿಕೊಂಡಿತು. ಅಂಥ ಹೆಲ್ಮೆಟ್ ಇದ್ದರೂ ಇಲ್ಲದ ಹಾಗೆ. ಈಗ ಶಾಲೆಯಲ್ಲೇ ಫ್ಯಾನ್ ಕೆಳಗೆ ತಂತಿ ಕಟ್ಟಿದ್ದೇವೆ. ಕ್ಲಾಸ್ ಮುಗಿಯುವ ಹೊತ್ತಿಗೆ ಒಣಗಿರುತ್ತದೆ.

ನಿಜವಾದ ಕೆಲಸ ಶುರುವಾಗಿದ್ದು ಮೊದಲ ವರ್ಷ ಒಬ್ಬ ಹುಡುಗಿ ಬಿದ್ದ ಮೇಲೆ. ಜೂನ್ ಎರಡನೇ ವಾರ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಿದ್ದಾಳೆ, ಸೈಕಲ್ ನಿಂತಿಲ್ಲ. ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿ ಗಲ್ಲಕ್ಕೆ ಐದು ಹೊಲಿಗೆ. ಒಂಬತ್ತು ಮಕ್ಕಳಿದ್ದ ಸಾಲು ಮೂರಕ್ಕೆ ಇಳಿಯಿತು. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಬ್ರೇಕ್ ರಬ್ಬರ್ ಹೊಸದು, ನಾನೇ ಹಾಕಿದ್ದು.

ಮೂರನೇ ದಿನ ಮಳೆಯಲ್ಲೇ ಆಟದ ಮೈದಾನದ ಇಳಿಜಾರಿಗೆ ಹೋದೆ. ಸುಣ್ಣದ ಗೆರೆ ನಿಲ್ಲಲಿಲ್ಲ, ಕೋಲು ನೆಟ್ಟೆ. ಬಿಸಿಲಿದ್ದಾಗ ಐದು ಹೆಜ್ಜೆಯಲ್ಲಿ ನಿಲ್ಲುತ್ತಿದ್ದ ಸೈಕಲ್ ಒದ್ದೆಯಲ್ಲಿ ಹದಿನೈದು ಹದಿನಾರು ಹೆಜ್ಜೆ ಹೋಯಿತು. ಸ್ಟೀಲ್ ರಿಮ್ ಮೇಲೆ ನೀರಿನ ಪದರ ಇರುತ್ತದೆ, ರಬ್ಬರ್ ಮೊದಲು ಅದನ್ನು ಒರೆಸಬೇಕು, ಆಮೇಲೆ ಹಿಡಿಯುತ್ತದೆ. ಅಂದರೆ ಇಳಿಜಾರು ಬರುವ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತಿ ರಿಮ್ ಒರೆಸಿಕೊಳ್ಳಬೇಕು. ಅದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಪ್ರತಿಯೊಬ್ಬರನ್ನೂ ಒದ್ದೆ ಮೈದಾನದಲ್ಲಿ ಬಿಟ್ಟೆ. ತಮ್ಮ ಸೈಕಲ್ ಎಲ್ಲಿ ನಿಲ್ಲುತ್ತದೆ ಅಂತ ತಾವೇ ಕೋಲು ನೆಡಬೇಕು. ಕೋಲು ನೋಡಿ ಅವರಿಗೇ ಗಾಬರಿಯಾಯಿತು. ಈಗ ಮೇ ಕೊನೆಯಲ್ಲಿ ಶಾಲೆ ಶುರುವಾದ ಮೇಲೆ ಮೊದಲ ಮೂರು ಮಳೆ ಈ ಅಭ್ಯಾಸಕ್ಕೇ ಮೀಸಲು. ಪಾಸಾಗದವರು ಸಾಲಿಗೆ ಇಲ್ಲ. ಇದರಲ್ಲಿ ನಾನು ಯಾರ ಶಿಫಾರಸ್ಸನ್ನೂ ಕೇಳಿಲ್ಲ.

ಕೊಡೆ ಪೂರ್ತಿ ಬಂದ್. ರೇನ್‌ಕೋಟು ಮೊಣಕಾಲಿನವರೆಗೆ ಮಾತ್ರ; ಉದ್ದ ಇದ್ದರೆ ಚೈನಿಗೆ ಸಿಕ್ಕುತ್ತದೆ. ಬ್ಯಾಗನ್ನು ಗೊಬ್ಬರದ ಚೀಲದೊಳಗೆ ಹಾಕಿ, ಹಳೆ ಟ್ಯೂಬ್ ಸೀಳಿ ಕ್ಯಾರಿಯರ್‌ಗೆ ಕಟ್ಟುವುದು. ಡಬಲ್ ರೈಡ್ ಇಲ್ಲ.

ಒಳರಸ್ತೆಯ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟುತ್ತದಲ್ವಾ, ಅಲ್ಲೊಂದು ಪ್ರಯೋಗ ಮಾಡಿದೆ. ಅಡಿಕೆ ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ರಸ್ತೆಗೆ ಚೆಲ್ಲಿದೆ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ಕೊಳೆರೋಗಕ್ಕೆ ಎಲ್ಲರೂ ಹೊಡೆಯುವ ಅಳತೆಯೇ. ಎರಡು ಮೂರು ವಾರ ಪಾಚಿ ಬರಲಿಲ್ಲ. ಆದರೆ ಆ ನೀರು ಹರಿದು ಹೋಗೋದು ಹಳ್ಳಕ್ಕೆ, ಮೈಲುತುತ್ತು ಮೀನಿಗೆ ವಿಷ. ಬಿಟ್ಟುಬಿಟ್ಟೆ. ಈಗ ತಿಂಗಳಿಗೊಮ್ಮೆ ಪೋಷಕರು ಗಟ್ಟಿ ಪೊರಕೆಯಲ್ಲಿ ಉಜ್ಜುತ್ತಾರೆ. ಅವತ್ತು ಸಭೆಯಲ್ಲಿ ಎದ್ದು ಕೇಳಿದವರೂ ಬರುತ್ತಾರೆ.

ಸಾಲಿನ ತಲೆಯಲ್ಲಿ ನಿಧಾನಿ, ಬಾಲದಲ್ಲಿ ಗಟ್ಟಿಗ. ಮಧ್ಯದಲ್ಲಿ ಎರಡು ಸೈಕಲ್ ಉದ್ದದ ಅಂತರ. ತೋಟದ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಎಲ್ಲರೂ ಕಾಲು ನೆಲಕ್ಕೆ ಊರಬೇಕು, ಗಾಡಿ ಇರಲಿ ಇಲ್ಲದಿರಲಿ. ಬಾಲದ ಹುಡುಗರು ವರ್ಷವಿಡೀ ಓಡಿಹೋಗದ ಹಾಗೆ ಹೇಗೆ ಇಟ್ಟುಕೊಳ್ಳುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹುಡುಗರು ಓದಿದರೆ ಕೆಲಸ ಕೆಡುತ್ತದೆ.

ಮೊದಲ ವರ್ಷ ಒಟ್ಟು 19–20 ಸಾವಿರ ಖರ್ಚಾಯಿತು. ಅದರಲ್ಲಿ ಆರು ಸಾವಿರ ನನ್ನ ಜೇಬಿನದು. ಈಗ ವರ್ಷಕ್ಕೆ ನಾಲ್ಕು ಸಾವಿರ ಸಾಕು.

ಬಹಳ ದಿನ ಬಗೆಹರಿಯದೆ ಉಳಿದಿದ್ದು ಶನಿವಾರ. ಬೆಳಗಿನ ಶಾಲೆ. ಅದೇ ಹೊತ್ತಿಗೆ ರಾತ್ರಿಯಿಡೀ ಓಡಿಸಿಕೊಂಡು ಬಂದ ಪ್ರವಾಸಿಗರ ಗಾಡಿಗಳು ಆಗುಂಬೆ ಕಡೆ ಹೋಗುತ್ತವೆ. ಡ್ರೈವರ್ ಕಣ್ಣಲ್ಲಿ ನಿದ್ದೆ, ರಸ್ತೆ ತುಂಬ ಮಂಜು. ಹಾಗಾಗಿ ಶನಿವಾರ ಮಾತ್ರ ಹೆದ್ದಾರಿ ಬಿಟ್ಟು ತೋಟದ ದಾರಿ ಹಿಡಿಯುತ್ತೇವೆ. ಒಂದೂವರೆ ಕಿಲೋಮೀಟರ್ ಜಾಸ್ತಿ. ನಡುವೆ ಒಂದು ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ ಇದೆ. ಅಲ್ಲಿ ಎಲ್ಲರೂ ಇಳಿದು, ಸೈಕಲ್ ತಳ್ಳಿಕೊಂಡು ಒಬ್ಬೊಬ್ಬರಾಗಿ ದಾಟುತ್ತಾರೆ. ನಾನು ಆಚೆ ದಡದಲ್ಲಿ ನಿಂತು ಎಣಿಸುತ್ತೇನೆ.