ಪ್ರಯಾಣದ ಲಸಿಕೆ ಹಾಕಿಸಿಕೊಂಡು ತಲೆಸುತ್ತಿ ಬೀಳದಿರಲು

ಲಸಿಕೆ ಹಾಕಿಸಿಕೊಂಡು ಎಚ್ಚರ ತಪ್ಪಿದವರು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಹೆದರಬೇಕಾದದ್ದು ಬೀಳುವಾಗ ತಲೆಗೆ ಬೀಳುವ ಪೆಟ್ಟಿಗೆ. ಸೂಜಿ ಹಾಕಿಸಿಕೊಂಡ ಕೂಡಲೇ ಎದ್ದು, ಕಾರ್ಡಿಗೆ ಸೀಲು ಹಾಕಿಸಲು ಕೌಂಟರಿನ ಮುಂದೆ ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ಕೆಳಗೆ ಗ್ರಾನೈಟ್ ನೆಲ, ಪಕ್ಕದಲ್ಲಿ ಮೇಜಿನ ಅಂಚು. ಬೀಳುವ ಮೊದಲೇ ಮಲಗಿದ್ದರೆ ಈ ಅಪಾಯವೇ ಇರುವುದಿಲ್ಲ.

ದೇಹದೊಳಗೆ ನಡೆಯುವುದು ಇಷ್ಟು: ಸೂಜಿಯ ಭಯಕ್ಕೋ ನೋವಿಗೋ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರ ಕೆರಳಿ ಎದೆಬಡಿತ ನಿಧಾನವಾಗುತ್ತದೆ. ಜೊತೆಗೇ ರಕ್ತನಾಳಗಳು ಸಡಿಲಗೊಂಡು ರಕ್ತ ಕಾಲಿಗಿಳಿಯುತ್ತದೆ, ಬಿಪಿ ಕುಸಿಯುತ್ತದೆ, ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ಆಫ್ರಿಕಾದ ಹಲವು ದೇಶಗಳಿಗೆ ಹೋಗುವವರ ಹಳದಿ ಜ್ವರದ ಲಸಿಕೆಯಾಗಲಿ, ಟೈಫಾಯ್ಡ್‌ದಾಗಲಿ, ಹಜ್‌ಗೆ ಹೋಗುವವರ ಮೆನಿಂಜೈಟಿಸ್ ಲಸಿಕೆಯಾಗಲಿ, ಯಾವ ಸೂಜಿಗೂ ಹೀಗಾಗಬಹುದು. ಹದಿಹರೆಯದವರಲ್ಲಿ ಹೆಚ್ಚು. ಮೂಟೆ ಹೊರುವ ಗಟ್ಟಿಮುಟ್ಟಾದ ಯುವಕರೂ ಬೀಳುತ್ತಾರೆ, ಅದಕ್ಕೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ತುಮಕೂರಿನವರಿಗೆ ತೊಂದರೆ ಶುರುವಾಗುವುದು ಬೆಳಗಿನ ರೈಲಿನಲ್ಲಿ. ಹಳದಿ ಜ್ವರದ ಲಸಿಕೆಯನ್ನು ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಅದಕ್ಕಾಗಿ ಬೆಂಗಳೂರಿಗೆ ಹೊರಟವರು ಐದಕ್ಕೆ ಎದ್ದು, ಬರೀ ಕಾಫಿ ಕುಡಿದು, 70 ಕಿಲೋಮೀಟರ್ ನಿಂತೇ ಹೋಗುತ್ತಾರೆ. ಅಲ್ಲಿ ಮತ್ತೆ ಕಾಯಬೇಕು: ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇದ್ದರೆ, ಒಮ್ಮೆ ಕಲಸಿದ ಮೇಲೆ ಅದನ್ನು ಕೆಲವೇ ಗಂಟೆಗಳೊಳಗೆ ಮುಗಿಸಬೇಕಾದ್ದರಿಂದ ಎಲ್ಲರನ್ನೂ ಒಟ್ಟಿಗೆ ಕರೆಯುತ್ತಾರೆ. ಖಾಲಿ ಹೊಟ್ಟೆ, ಒಣಗಿದ ಗಂಟಲು, ನಿಂತು ನಿಂತು ಸೋತ ಕಾಲು, ಮೇಲೆ ಸೂಜಿಯ ಭಯ. ಬೀಳುವುದಕ್ಕೆ ಇನ್ನೇನು ಬೇಕು?

ಹಾಗಾಗಿ ತಿಂದು ಹೊರಡಿ. ರಸ್ತೆಯಲ್ಲಿ ಹೋಗುವವರಾದರೆ ಕ್ಯಾತ್ಸಂದ್ರದಲ್ಲಿ ಇಳಿದು ಎರಡು ತಟ್ಟೆ ಇಡ್ಲಿ ತಿನ್ನಿ. ಮನೆಯಿಂದಲೇ ಚಿತ್ರಾನ್ನ ಕಟ್ಟಿಕೊಂಡರೂ ಆದೀತು. ಲಸಿಕೆಗೆ ಅರ್ಧ ಗಂಟೆ ಇರುವಾಗ ಅರ್ಧ ಲೀಟರ್ ನೀರು ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿನ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಉಪವಾಸದ ದಿನವಾಗಿದ್ದರೆ ಬೇರೆ ದಿನ ಕೇಳುವುದು ಒಳ್ಳೆಯದು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಡಲೇಬಾರದು. ಇನ್ನು ದಿನಾಂಕದ ಲೆಕ್ಕ: ಹಳದಿ ಜ್ವರದ ಪ್ರಮಾಣಪತ್ರ ಲಸಿಕೆಯಾಗಿ 10 ದಿನವಾದ ಮೇಲಷ್ಟೇ ಊರ್ಜಿತ. ಮೆನಿಂಜೈಟಿಸ್ ಲಸಿಕೆಯೂ ಸೌದಿ ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ವಿಮಾನಕ್ಕೆ ಎರಡೇ ವಾರ ಉಳಿದಿರುವಾಗ ಓಡಾಡುವವರ ಎದೆ ಮೊದಲೇ ಹೊಡೆದುಕೊಳ್ಳುತ್ತಿರುತ್ತದೆ. ತಿಂಗಳ ಮುಂಚೆಯೇ ಮುಗಿಸಿಕೊಳ್ಳಿ.

ಒಳಗೆ ಹೋದ ತಕ್ಷಣ ನರ್ಸ್‌ಗೆ ಒಂದು ಮಾತು ಹೇಳಿ: “ಸಿಸ್ಟರ್, ನನಗೆ ಸೂಜಿ ಹಾಕಿದ್ರೆ ಕಣ್ಣು ಕತ್ತಲೆ ಬರುತ್ತೆ, ಮಲಗಿಸಿ ಹಾಕಿ.” ಹಿಂದೆ ಒಮ್ಮೆಯಾದರೂ ಬಿದ್ದವರು ಇದನ್ನು ಹೇಳಲೇಬೇಕು. ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ಇದೇ. ನಿಮ್ಮ ಮುಂದಿನವರಿಗೆ ಸೂಜಿ ಹಾಕುವುದನ್ನು ನೋಡಬೇಡಿ. ಒಬ್ಬರು ಬಿದ್ದದ್ದನ್ನು ಕಂಡು ಮತ್ತೊಬ್ಬರು ಬೀಳುವುದುಂಟು.

ಬಿಪಿ ಇಳಿಯದಂತೆ ತಡೆಯಲು ಒಂದು ಉಪಾಯವಿದೆ, ಮನೆಯಲ್ಲೇ ಒಂದು ವಾರ ಅಭ್ಯಾಸ ಮಾಡಿ. ಕಾಲು ಕತ್ತರಿ ಹಾಕಿ, ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯುಗಳನ್ನು ಬಿಗಿ ಹಿಡಿಯಿರಿ. ಸೂಜಿ ಬೀಳದ ಕೈಯನ್ನು ಮುಷ್ಟಿ ಕಟ್ಟಿ. 10–15 ಸೆಕೆಂಡಿಗೆ ಮುಖ ಬಿಸಿಯೇರಿದ್ದು ಗೊತ್ತಾಗುತ್ತದೆ. ಆಗ ಬಿಗಿ ಸಡಿಲಿಸಿ, ಆದರೆ ಪೂರ್ತಿ ಜೋಲು ಬೀಳಬೇಡಿ. 20–30 ಸೆಕೆಂಡು ಬಿಟ್ಟು ಮತ್ತೆ ಬಿಗಿ ಮಾಡಿ. ಹೀಗೆ ಐದು ಸಲ. ಉಸಿರು ಕಟ್ಟಬಾರದು, ಹೆಚ್ಚಿನವರು ತಪ್ಪುವುದು ಇಲ್ಲೇ. ಸೂಜಿ ಹಾಕುವ ತೋಳು ಮಾತ್ರ ಸಡಿಲವಾಗಿರಲಿ, ಬಿಗಿದರೆ ನೋವು ಜಾಸ್ತಿ.

ಬೀಳುವವರಲ್ಲಿ ಹೆಚ್ಚಿನವರು ಮೊದಲ 15 ನಿಮಿಷದಲ್ಲೇ ಬೀಳುತ್ತಾರೆ. ಆದರೂ ಅರ್ಧ ಗಂಟೆ ಅಲ್ಲೇ ಇರಿ, ಅಲರ್ಜಿ ಆಗುತ್ತದೋ ಎಂದು ನೋಡಲೂ ಆ ಹೊತ್ತು ಬೇಕು. ಹಿಂದೆ ಬಿದ್ದವರು ಕಾಲು ಗಂಟೆ ಮಲಗಿ, ಐದು ನಿಮಿಷ ಕಾಲು ಇಳಿಬಿಟ್ಟು ಕೂತು, ಆಮೇಲೆ ನಿಲ್ಲಿ. ಆಕಳಿಕೆಯ ಮೇಲೆ ಆಕಳಿಕೆ, ಹಣೆಯಲ್ಲಿ ತಣ್ಣನೆಯ ಬೆವರು, ವಾಕರಿಕೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಬಿಳಿಚಿದ ತುಟಿ. ಇವುಗಳಲ್ಲಿ ಒಂದು ಕಂಡರೂ ಇದ್ದಲ್ಲೇ ಮಲಗಿಬಿಡಿ. ನೆಲ ಕೊಳೆಯಾಗಿದೆ ಎಂದು ಬೆಂಚು ಹುಡುಕುತ್ತಾ ಹೋಗುವಷ್ಟು ಸಮಯ ಇರುವುದಿಲ್ಲ.

ಜೊತೆಗೆ ಹೋದವರು ಮಾಡುವ ದೊಡ್ಡ ತಪ್ಪು, ಬಿದ್ದವರನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸುವುದು. ಕೂತರೆ ರಕ್ತ ಮತ್ತೆ ಕಾಲಲ್ಲೇ ಉಳಿದು ಎಚ್ಚರ ಬರುವುದು ತಡವಾಗುತ್ತದೆ. ಅಂಗಾತ ಮಲಗಿಸಿ, ಕಾಲಿನ ಕೆಳಗೆ ಒಂದಡಿ ಎತ್ತರಕ್ಕೆ ಬ್ಯಾಗು ಇಡಿ. ಕಾಲರ್, ಬೆಲ್ಟ್, ನಕಾಬ್ ಸಡಿಲಿಸಿ, ಸುತ್ತ ಮುತ್ತಿಕೊಂಡವರನ್ನು ಸರಿಸಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಕೈ ಕಾಲು ಕೆಲವು ಸೆಕೆಂಡು ಅದುರಬಹುದು. ಅದನ್ನು ಕಂಡು ಫಿಟ್ಸ್ ಎಂದು ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ಮಿದುಳಿಗೆ ರಕ್ತ ಸಾಲದಿದ್ದಾಗ ಹಾಗಾಗುತ್ತದೆ, ಮಲಗಿಸಿದರೆ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯವರಾದರೆ ಗ್ಲೂಕೋಮೀಟರ್ ನೋಡಿ. 70ಕ್ಕಿಂತ ಕಡಿಮೆಯಿದ್ದರೆ, ಪೂರ್ತಿ ಎಚ್ಚರವಾದ ಮೇಲೆ ಮೂರು ಚಮಚ ಸಕ್ಕರೆ ಕೊಡಿ.

ಇದನ್ನೂ ತೀವ್ರ ಅಲರ್ಜಿಯನ್ನೂ ಬೇರೆ ಮಾಡಿ ನೋಡುವುದು ಬಹಳ ಮುಖ್ಯ. ಬರೀ ತಲೆಸುತ್ತಾದರೆ ಚರ್ಮ ಬಿಳಿಚಿ ತಣ್ಣಗಿರುತ್ತದೆ, ನಾಡಿ ನಿಧಾನ, ಮಲಗಿಸಿದರೆ ಬೇಗ ಸರಿಹೋಗುತ್ತದೆ. ಅಲರ್ಜಿಯಾದರೆ ಮೈಮೇಲೆ ದದ್ದು, ತುರಿಕೆ, ತುಟಿ ಊದುವುದು, ಉಸಿರಾಡುವಾಗ ಸುಯ್ಯೆನ್ನುವ ಸದ್ದು, ಓಡುವ ನಾಡಿ. ಮಲಗಿಸಿದರೂ ಚೇತರಿಕೆ ಕಾಣುವುದಿಲ್ಲ. ಆಗ ಸಿಬ್ಬಂದಿ ತಡಮಾಡದೆ ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು, ವಯಸ್ಕರಿಗೆ 0.5 ಮಿಲಿಗ್ರಾಂ. ಹೊರಗಡೆ ಬಂದಮೇಲೆ ಹೀಗಾದರೆ 108ಕ್ಕೆ ಕರೆ ಮಾಡಿ. ಎದೆನೋವಿನೊಂದಿಗೆ ಬಿದ್ದವರು, ಮಲಗಿದ್ದಾಗಲೇ ಎಚ್ಚರ ತಪ್ಪಿದವರು, ತಲೆಗೆ ಪೆಟ್ಟು ಬಿದ್ದವರು ಮನೆಗೆ ಹೊರಡದೆ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲಿ.

ವಾಪಸು ಬರುವಾಗ ಸೀಟು ಸಿಗುವ ಬಸ್ಸಿಗೇ ಕಾಯಿರಿ. ನೆಲಮಂಗಲದ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಜೋತುಕೊಂಡು ನಿಂತರೆ ಮತ್ತೆ ಕಣ್ಣು ಕತ್ತಲೆ ಬರುತ್ತದೆ. ಎಚ್ಚರ ತಪ್ಪಿದ್ದವರು ಆ ದಿನ ಗಾಡಿ ಓಡಿಸಬಾರದು. ಬೈಕನ್ನು ರೈಲ್ವೆ ಸ್ಟೇಷನ್‌ನಲ್ಲಿ ನಿಲ್ಲಿಸಿ ಬಂದಿದ್ದರೆ ಮನೆಯವರನ್ನು ಕರೆಸಿಕೊಳ್ಳಿ. ಬಿದ್ದ ಮಾತ್ರಕ್ಕೆ ಲಸಿಕೆ ವ್ಯರ್ಥವಾಗುವುದಿಲ್ಲ, ಮತ್ತೆ ಹಾಕಿಸಿಕೊಳ್ಳಬೇಕಿಲ್ಲ. ಬೇರೆ ಲಸಿಕೆಯ ಎರಡನೇ ಡೋಸ್ ಬಾಕಿಯಿದ್ದರೆ ಅದನ್ನೂ ಬಿಡಬೇಡಿ. ಮುಂದಿನ ಸಲ ನೀವು ಹೇಳುವುದು ಮರೆತರೂ ನರ್ಸ್ ಕಣ್ಣಿಗೆ ಬೀಳುವಂತೆ ಲಸಿಕೆ ಕಾರ್ಡಿಗೆ ಒಂದು ಚೀಟಿ ಪಿನ್ ಮಾಡಿ: “ಮಲಗಿಸಿ ಹಾಕಬೇಕು.”