ನಾನೇ ಕಟ್ಟಿದ ಸ್ಪೆಕ್ಟ್ರೋಹೀಲಿಯೋಗ್ರಾಫ್

ಹೈಡ್ರೋಜನ್-ಆಲ್ಫಾ (ಸೂರ್ಯನ ರೋಹಿತದ ಕೆಂಪು ಭಾಗದಲ್ಲಿ ಹೈಡ್ರೋಜನ್ ಮೂಡಿಸುವ ಕಪ್ಪು ರೇಖೆ) ಬೆಳಕಿನಲ್ಲಿ ಸೂರ್ಯನ ಚಿತ್ರ ತೆಗೆಯುವವರು ಸಾಮಾನ್ಯವಾಗಿ ಎಟಲಾನ್ ಫಿಲ್ಟರ್, ಅಂದರೆ ತೀರಾ ಕಿರಿದಾದ ಒಂದು ಬಣ್ಣವನ್ನಷ್ಟೇ ಒಳಬಿಡುವ ಫಿಲ್ಟರ್, ಕೊಳ್ಳುತ್ತಾರೆ. ಅದು ದುಬಾರಿ, ಮೇಲಾಗಿ ಎಷ್ಟು ವಾಲಿಸಿದರೂ ಒಂದೇ ರೇಖೆಯ ಆಸುಪಾಸಿನಲ್ಲೇ ಇರಬೇಕು. ನನಗೆ 393.4 ನ್ಯಾನೋಮೀಟರಿನ ಕ್ಯಾಲ್ಸಿಯಂ ಕೆ ರೇಖೆಯೂ ಬೇಕಿತ್ತು, 656.3ರ ಹೈಡ್ರೋಜನ್-ಆಲ್ಫಾವೂ ಬೇಕಿತ್ತು. ಹಾಗಾಗಿ ಸ್ಪೆಕ್ಟ್ರೋಹೀಲಿಯೋಗ್ರಾಫ್, ಅಂದರೆ ಬೇಕಾದ ರೇಖೆಯ ಬೆಳಕಿನಲ್ಲಿ ಸೂರ್ಯನನ್ನು ಸೀಳು ಸೀಳಾಗಿ ಚಿತ್ರಿಸುವ ಉಪಕರಣ, ಕಟ್ಟಿದೆ.

420 ಮಿ.ಮೀ. ಸಂಗಮದೂರದ ದೂರದರ್ಶಕ ಸುಮಾರು 4 ಮಿ.ಮೀ. ಅಗಲದ ಸೂರ್ಯಬಿಂಬವನ್ನು 10 ಮೈಕ್ರಾನ್ ಅಗಲದ ಸ್ಲಿಟ್ (ಕಿರಿದಾದ ಸೀಳುಕಂಡಿ) ಮೇಲೆ ಬೀಳಿಸುತ್ತದೆ. ಒಳಗೆ ಬಂದ ಬೆಳಕನ್ನು 80 ಮಿ.ಮೀ. ಲೆನ್ಸ್ ಸಮಾಂತರ ಮಾಡುತ್ತದೆ, ಮಿ.ಮೀ.ಗೆ 2400 ಗೆರೆಗಳಿರುವ ಗ್ರೇಟಿಂಗ್ ಅದನ್ನು ಬಣ್ಣಗಳಾಗಿ ಬಿಡಿಸುತ್ತದೆ, 125 ಮಿ.ಮೀ. ಲೆನ್ಸ್ ಕ್ಯಾಮೆರಾಕ್ಕೆ ಮುಟ್ಟಿಸುತ್ತದೆ. ಬಿಸಿಲಿಗೆ ಪಿಎಲ್‌ಎ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ಪೆಟ್ಟಿಗೆಯನ್ನು ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ಮಾಡಿದೆ. ಸ್ಲಿಟ್‌ಗೆ ಮುಂಚೆ ಬೆಳಕು ತಗ್ಗಿಸುವ ಫಿಲ್ಟರ್ ಕಡ್ಡಾಯ. ಐಪೀಸ್ ಹಾಕಿ ಇಣುಕುವ ಮಾತೇ ಇಲ್ಲ.

ನಿಜವಾದ ಕೆಲಸವಿರುವುದು ಫೋಕಸ್‌ನಲ್ಲಿ. ಸ್ಲಿಟ್ ಅಂಚಿನಲ್ಲಿ ಕೂತ ದೂಳಿನ ಕಣಗಳು ರೋಹಿತದ ಉದ್ದಕ್ಕೂ ಗೀರು ಎಳೆಯುತ್ತವೆ. ಸೂರ್ಯನ ಕಪ್ಪು ರೇಖೆಗಳು ಅವಕ್ಕೆ ಅಡ್ಡಲಾಗಿ ನಿಲ್ಲುತ್ತವೆ. ಗ್ರೇಟಿಂಗ್ ಮೇಲೆ ಬೀಳುವ ಬೆಳಕು ಪೂರ್ತಿ ಸಮಾಂತರವಾಗಿಲ್ಲದಿದ್ದರೆ ಎರಡೂ ಒಟ್ಟಿಗೆ ಚೂಪಾಗುವುದೇ ಇಲ್ಲ: ರೇಖೆ ತಿಳಿಯಾದರೆ ಗೀರು ಮಸುಕು, ಗೀರು ತಿಳಿಯಾದರೆ ರೇಖೆ ಮಸುಕು. ಮೊದಲ ಲೆನ್ಸನ್ನು ಕೂದಲೆಳೆಯಷ್ಟು ಸರಿಸುತ್ತ, ಪ್ರತಿ ಸಲ ಕ್ಯಾಮೆರಾ ಫೋಕಸನ್ನು ತಿದ್ದುತ್ತ ಹೋದಾಗ ಎರಡೂ ಒಂದೇ ಕಡೆ ಸೇರುತ್ತವೆ. ಇಷ್ಟಾದ ಮೇಲಷ್ಟೇ ದೂರದರ್ಶಕದ ಫೋಕಸ್. ಅದಕ್ಕೆ ಸೂರ್ಯನ ಅಂಚೇ ಗುರುತು. ಈ ಕ್ರಮ ತಪ್ಪಿಸಬೇಡಿ.

ಹೈಡ್ರೋಜನ್-ಆಲ್ಫಾ ಹುಡುಕಲು 589 ನ್ಯಾನೋಮೀಟರಿನ ಸೋಡಿಯಂ ಜೋಡಿರೇಖೆಯಿಂದ ಹೊರಟು ಗ್ರೇಟಿಂಗನ್ನು ಕೆಂಪಿನತ್ತ ನಿಧಾನವಾಗಿ ತಿರುಗಿಸುತ್ತೇನೆ.

ದೂರದರ್ಶಕ ಸೂರ್ಯನನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ನಿಲ್ಲಿಸಿದರೆ ಸೂರ್ಯ ಸ್ಲಿಟ್ ದಾಟಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ನಾನು ದೂರದರ್ಶಕವನ್ನು ತಿರುಗಿಸುವ ಮೌಂಟನ್ನು ಇದರ ಎಂಟು ಪಟ್ಟು ವೇಗದಲ್ಲಿ ಓಡಿಸುತ್ತೇನೆ. ವಿಡಿಯೋದ ಪ್ರತಿ ಫ್ರೇಮೂ ಸೂರ್ಯನ ಒಂದು ಸೀಳು. ಬಾಗಿದ ರೇಖೆಯನ್ನು ಸಾಫ್ಟ್‌ವೇರ್ ಗುರುತಿಸಿ, ಅದರ ನಡುವಿನ ಪಿಕ್ಸೆಲ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಬಿಂಬ ಸಿದ್ಧ.

ನನಗೆ ಈ ಉಪಕರಣ ಅಚ್ಚುಮೆಚ್ಚಾದದ್ದು ಇಲ್ಲಿಯೇ. ರೇಖೆಯ ಅಕ್ಕಪಕ್ಕವೂ ಅದೇ ವಿಡಿಯೋದಲ್ಲಿರುವುದರಿಂದ ಸೂಕ್ಷ್ಮ ಟ್ಯೂನಿಂಗ್ ಆಮೇಲೆ ಕಂಪ್ಯೂಟರಿನಲ್ಲೇ ಆಗುತ್ತದೆ. ನನ್ನ 2.4 ಮೈಕ್ರಾನ್ ಪಿಕ್ಸೆಲ್ ಒಂದಕ್ಕೆ ಸುಮಾರು 0.006 ನ್ಯಾನೋಮೀಟರ್, ಅಂದರೆ ಸೆಕೆಂಡಿಗೆ 3 ಕಿ.ಮೀ.ನಷ್ಟು ವೇಗದ ಡಾಪ್ಲರ್ ಪಲ್ಲಟ (ನಮ್ಮತ್ತ ಬರುವುದರ ರೇಖೆ ನೀಲಿಯತ್ತ, ಆಚೆ ಹೋಗುವುದರದ್ದು ಕೆಂಪಿನತ್ತ ಜರುಗುವುದು). ಸೂರ್ಯನ ಸಮಭಾಜಕ ಸೆಕೆಂಡಿಗೆ 2 ಕಿ.ಮೀ. ವೇಗದಲ್ಲಿ ತಿರುಗುತ್ತದೆ, ಪೂರ್ವದ ಅಂಚು ನಮ್ಮತ್ತ, ಪಶ್ಚಿಮದ್ದು ಆಚೆಗೆ. ರೇಖೆಯ ನೀಲಿ ಬದಿಯ ಚಿತ್ರದಿಂದ ಕೆಂಪು ಬದಿಯದ್ದನ್ನು ಕಳೆದರೆ ಪೂರ್ವದ ಅಂಚು ಕಪ್ಪಗೂ ಪಶ್ಚಿಮದ್ದು ಬೆಳ್ಳಗೂ ಬರುತ್ತದೆ.